ಖಾಲಿ ಗಾಡಿಯ ತೂಕ

ಅಕ್ಷತಾ, ಸಂಗಮೇಶ, ಮೊನ್ನೆ ನೀವಿಬ್ಬರೂ ಶಾಲೆಯಿಂದ ಬಂದವರೇ ಹೆಗಲ ಚೀಲ ಇಳಿಸುವ ಮೊದಲೇ ಅಂಗಳದಲ್ಲಿ ನಿಂತ ಹಳೆಯ ಗಾಡಿಯ ಹತ್ತಿರ ಓಡಿದಿರಿ. ಅದರ ಬಾಗಿಲ ಮೇಲೆ ಅಂದೇ ಬರೆಸಿದ್ದ ಬಿಳಿ ಅಕ್ಷರಗಳನ್ನು ಓಣಿಗೆಲ್ಲ ಕೇಳುವ ಹಾಗೆ ಓದಿದಿರಿ. ಆಮೇಲೆ ಅಕ್ಷತಾ, ನೀನು ನನ್ನ ಕಡೆ ತಿರುಗಿ, “ಆಯಿ, ಹೊರೂ ತೂಕ ಒಂಬೈನೂರಾ ಮೂವತ್ತು ಕಿಲೋ ಅಂತ ಬರದಾರ. ಸೀದಾ ಸಾವಿರ ಯಾಕಿಲ್ಲ?” ಎಂದು ಕೇಳಿದೆ. ನಾನು “ಒಲಿ ಮ್ಯಾಲ ಹಾಲೈತಿ” ಎಂದು ಒಳಗೆ ಹೋದೆ. ಒಲೆಯ ಮೇಲೆ ಹಾಲಿರಲಿಲ್ಲ. ಒಲೆಯೇ ಹೊತ್ತಿರಲಿಲ್ಲ. ನಿನ್ನ ಪ್ರಶ್ನೆಗೆ ಈ ಟಿಕೋಟಾದಲ್ಲಿ ಸರಿಯಾದ ಉತ್ತರ ಗೊತ್ತಿರುವವಳು ನಾನೊಬ್ಬಳೇ. ಅದಕ್ಕೇ ಒಳಗೆ ಹೋಗಬೇಕಾಯಿತು.

ನಾಚಿಕೆ ಸ್ವಭಾವದವರ ಕಷ್ಟ ಇದೇ ನೋಡಿ. ನಮಗೆ ಉತ್ತರ ಗೊತ್ತಿರುವುದಿಲ್ಲ ಎಂದು ಜನ ತಿಳಿಯುತ್ತಾರೆ. ಗೊತ್ತಿರುತ್ತದೆ, ಆದರೆ ಅದು ನಾಲಿಗೆಗೆ ಬರುವಷ್ಟರಲ್ಲಿ ಕೇಳಿದವರು ಎದ್ದು ಹೋಗಿರುತ್ತಾರೆ. ನನ್ನ ತವರು ಜೈನಾಪುರದ ಶಾಲೆಯಲ್ಲಿ ಮಾಸ್ತರರು ಕೇಳಿದ್ದಕ್ಕೆ ನನ್ನ ಉತ್ತರ ಮನೆಗೆ ಹೋಗುವ ದಾರಿಯಲ್ಲಿ, ಹಳ್ಳ ದಾಟುವಾಗ ಬಾಯಿಗೆ ಬರುತ್ತಿತ್ತು. ಅಲ್ಲಿ ಎಮ್ಮೆಗಳ ಹೊರತು ಯಾರೂ ಇರುತ್ತಿರಲಿಲ್ಲ. ಹಾಗಾಗಿ ಆ ಕಾಲದ ಜೈನಾಪುರದ ಎಮ್ಮೆಗಳಿಗೆ ಕಳೆಯುವ ಲೆಕ್ಕ, ಭಾಗಿಸುವ ಲೆಕ್ಕ ಎಲ್ಲವೂ ಚೆನ್ನಾಗಿ ಬರುತ್ತಿದ್ದಿರಬೇಕು. ನಿಮ್ಮ ಪ್ರಶ್ನೆಯ ಉತ್ತರ ಈಗ ಬಂದಿದೆ. ಬಾಯಲ್ಲಿ ಹೇಳಲು ಆಗದು, ಬರೆಯುತ್ತೇನೆ.

ಬರೆಯುತ್ತಿರುವುದು ಕೂಡ ಆ ಗಾಡಿಯಲ್ಲೇ ಕುಳಿತು. ನಿಮಗೆ ಇದು ಅಜ್ಜಿ ಕೂಡುವ ಗಾಡಿ ಎಂದಷ್ಟೇ ಗೊತ್ತು. ನನ್ನ ಯಜಮಾನರು, ನಿಮ್ಮ ಮುತ್ಯಾ, ಇದನ್ನು ತಂದಾಗ ನಮ್ಮ ಸುತ್ತಿನಲ್ಲಿ ಇಂಥ ಪಿಕಪ್ ಗಾಡಿ ಬೆರಳೆಣಿಕೆಯಷ್ಟಿದ್ದವು. ಮುಂದೆ ಇಬ್ಬರು ಕೂಡುವ ಸೀಟು, ಹಿಂದೆ ಮಾಲು ಹೇರುವ ತೆರೆದ ಡಬ್ಬ. ದ್ರಾಕ್ಷಿ, ಒಣದ್ರಾಕ್ಷಿ, ಜೋಳ, ಉಳ್ಳಾಗಡ್ಡಿ, ಯಾರದೋ ಮದುವೆಯ ಪಾತ್ರೆ, ಯಾರದೋ ಬಾಣಂತಿ, ಎಲ್ಲವನ್ನೂ ಹೊತ್ತಿದೆ. ಮುತ್ಯಾ ಹೋದ ಮೇಲೆ ಅದು ಅಪರೂಪಕ್ಕೆ ಹೊಲಕ್ಕೆ ಹೋಗುತ್ತದೆ, ಉಳಿದ ದಿನ ಬೇವಿನ ಗಿಡದ ಕೆಳಗೆ ನಿಲ್ಲುತ್ತದೆ. ಮಧ್ಯಾಹ್ನ ನಾನು ಅದರಲ್ಲಿ ಹತ್ತಿ ಕುಳಿತು ಅವರೆಕಾಯಿ ಸುಲಿಯುತ್ತೇನೆ, ಜೋಳ ಹಸನು ಮಾಡುತ್ತೇನೆ, ಸುಮ್ಮನೆ ಕೂಡುತ್ತೇನೆ. ಮನೆಯಲ್ಲಿ ಎಲ್ಲಿ ಕುಳಿತರೂ ಯಾರಾದರೂ ಬಂದು ಚಹಾ ಕೇಳುತ್ತಾರೆ. ಗಾಡಿಯಲ್ಲಿ ಕುಳಿತವಳನ್ನು ಯಾರೂ ಕೇಳುವುದಿಲ್ಲ. ಈ ಮನೆಗೆ ಬಂದು ಇಷ್ಟು ವರ್ಷವಾಯಿತು, ನನ್ನದು ಅಂತ ಇರುವ ಕೋಣೆ ಅದೊಂದೇ. ಅದಕ್ಕೆ ನಾಲ್ಕು ಗಾಲಿ ಇವೆ, ಅಷ್ಟೇ ವ್ಯತ್ಯಾಸ.

ಆ ಕೋಣೆಗೇ ಸಂಚಕಾರ ಬಂತು. ಗಾಡಿಯ ಪಾಸಿಂಗ್, ಅಂದರೆ ರಸ್ತೆಗಿಳಿಯಲು ಸರ್ಕಾರ ಕೊಡುವ ಪರವಾನಗಿ, ಮುಗಿಯುವ ದಿನ ಹತ್ತಿರ ಬಂದಿದೆ ಎಂದು ನಿಮ್ಮಪ್ಪ ಶ್ರೀಶೈಲ ವಿಜಯಪುರಕ್ಕೆ ಹೋಗಿ, ಸಿದ್ಧೇಶ್ವರ ಗುಡಿಯ ಹತ್ತಿರ ಕೂಡುವ ಒಬ್ಬ ಏಜೆಂಟನನ್ನು ಕಂಡು ಬಂದ. ಆತ ಗಾಡಿಯ ಫೋಟೋ ನೋಡಿ, “ಬಾಗಲದ ಮ್ಯಾಲ ಮೂರು ಅಂಕಿ ಬರಸ್ಕೊಂಡು ಬರ್ರಿ. ಖಾಲಿ ಗಾಡಿ ತೂಕ ಎಷ್ಟು, ಅದು ಹೊರೂ ತೂಕ ಎಷ್ಟು, ಎರಡೂ ಕೂಡಿ ಎಷ್ಟು. ಅದಿಲ್ಲಂದ್ರ ಗಾಡಿ ಮುಂದ ಹೋಗೂದಿಲ್ಲ” ಎಂದನಂತೆ. ಹಳೆಯ ಅಂಕಿಗಳು ಬಿಸಿಲಿಗೆ ಬಣ್ಣದ ಜೊತೆ ಉದುರಿ ಹೋಗಿದ್ದವು. ಗಾಡಿಯ ಪುಸ್ತಕವನ್ನು ಟ್ರಂಕಿನಿಂದ ತೆಗೆದರೆ, ಗೆದ್ದಲು ಅದನ್ನು ಮೊದಲ ಪುಟದಿಂದ ಕಡೆಯ ಪುಟದವರೆಗೆ ಓದಿ ಮುಗಿಸಿತ್ತು. “ಈ ಸಲ ಪಾಸಿಂಗ್ ಆಗಲಿಲ್ಲಂದ್ರ ಗುಜರಿಗೆ ಹಾಕಿಬಿಡೂದು ಅವ್ವಾ, ಎಷ್ಟ ದಿನ ಅಂತ ಇಟ್ಕೊಂಡು ಕುಂಡ್ರೂದು?” ಎಂದ ಶ್ರೀಶೈಲ. ಅವನು ಅಂದದ್ದು ಹೇಗೋ ಗುಜರಿಯವನ ಕಿವಿಗೆ ಬಿತ್ತು. ಮರುದಿನವೇ ಬಂದು ಗಾಡಿಯ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಸಂತೆಯಲ್ಲಿ ಕುರಿಯ ಬೆನ್ನು ಹಿಚುಕಿ ನೋಡುವವರ ಹಾಗೆ ಅದರ ಮೈ ಹಿಚುಕಿ, “ಕಬ್ಬಿಣಾ ಭಾಳ ಛಲೋ ಐತ್ರಿ” ಎಂದು ಹೊಗಳಿ ಹೋದ. ನಾನು ಒಳಗೇ ಕುಳಿತಿದ್ದೆ. ನನ್ನನ್ನೂ ಕಬ್ಬಿಣದಲ್ಲಿ ಹಿಡಿದನೋ ಏನೋ.

ಇನ್ನೊಂದು ಉಪಾಯವಿತ್ತು. ಇಂಜಿನ್ನಿನ ಮುಚ್ಚಳ ಎತ್ತಿದರೆ ಒಳಗೆ ಕಂಪನಿಯವರು ಜಡಿದ ಒಂದು ಹಿತ್ತಾಳೆಯ ತಗಡು ಇದೆ, ತೂಕವೆಲ್ಲ ಅದರ ಮೇಲೆ ಕೊರೆದಿರುತ್ತದೆ ಎಂದು ಏಜೆಂಟ ಹೇಳಿ ಕಳಿಸಿದ್ದ. ಶ್ರೀಶೈಲ ಮುಚ್ಚಳ ಎತ್ತಿ ನೋಡಿದ. ತಗಡು ಇತ್ತು, ಫಳಫಳ ಹೊಳೆಯುತ್ತಿತ್ತು, ಅಕ್ಷರ ಮಾತ್ರ ಒಂದೂ ಇರಲಿಲ್ಲ. ಇದು ನಮ್ಮ ಅತ್ತೆಯ ಕೆಲಸ. ಪ್ರತಿ ವರ್ಷ ದಸರೆಯ ಖಂಡೇಪೂಜೆಗೆ ಗಾಡಿ ತೊಳೆಯುವಾಗ, ಕೈಗೆ ಸಿಕ್ಕ ಹಿತ್ತಾಳೆ ಯಾವುದಾದರೂ ಸರಿ, ಹುಣಸೆಹಣ್ಣು ಬೂದಿ ಹಚ್ಚಿ ತಿಕ್ಕದೆ ಬಿಡುತ್ತಿರಲಿಲ್ಲ ಅವರು. ದೇವರ ಮುಂದಿನ ದೀಪದ ಸಮೆಗೂ ಆ ತಗಡಿಗೂ ಒಂದೇ ಉಪಚಾರ. ಕಂಪನಿಯವರು ಗಟ್ಟಿಯಾಗಿಯೇ ಕೊರೆದಿದ್ದಿರಬೇಕು, ಆದರೆ ಅವರು ನಮ್ಮ ಅತ್ತೆಯನ್ನು ನೋಡಿರಲಿಲ್ಲ. ಅತ್ತೆ ಅದನ್ನು ಕನ್ನಡಿ ಮಾಡಿಟ್ಟು ಹೋಗಿದ್ದರು. “ಏನ್ ಕಾಣತೈತೋ?” ಎಂದು ಕೇಳಿದ್ದಕ್ಕೆ ಶ್ರೀಶೈಲ ಬಗ್ಗಿಕೊಂಡೇ, “ನನ್ನ ಮೀಸಿ ಕಾಣಾಕತ್ತೈತಿ” ಎಂದ.

ಹಾಗೆ ಕೇಳಿದವರು ನಿಡೋಣಿಯ ಗುರುಪಾದ, ನಿಮ್ಮ ಮುತ್ಯಾನ ತಮ್ಮ. ಎಲ್ಲಿ ಒಂದು ತಕರಾರು ಹುಟ್ಟಿದರೂ ಅದು ತಣ್ಣಗಾಗುವ ಮೊದಲು ಅಲ್ಲಿ ಹಾಜರಾಗುವ ಮನುಷ್ಯ. ಅವರ ಬೆನ್ನಿಗೆ ನಮ್ಮೂರಿನ ದಸ್ತಗೀರ ಮಿಸ್ತ್ರಿಯೂ ಬಂದ. ಮೂವರೂ ಗಾಡಿಯ ಮುಂದೆ ಹೊರಸು ಹಾಕಿಕೊಂಡು ಕುಳಿತರು. ಆವತ್ತಿನ ಮಾತನ್ನು ನಾನು ಚಹಾ ತಟ್ಟೆ ಹಿಡಿದು ನಿಂತು ಕೇಳಿದ್ದೇನೆ, ಒಂದಕ್ಷರ ಬಿಡದೆ ಬರೆಯಬಲ್ಲೆ.

“ಇಷ್ಟ್ಯಾಕ ತಲಿ ಕೆಡಸ್ಕೊಳ್ಳೂದು?” ಎಂದ ಶ್ರೀಶೈಲ. “ಟಿಕೋಟಾದಿಂದ ಬಬಲೇಶ್ವರ ಮಟಾ ಇದಕ್ಕ ಏನಂತಾರ? ಮುಕ್ಕಾಲು ಗಾಡಿ ಅಂತಾರ. ಅಂದ್ರ ಮುಕ್ಕಾಲು ಟನ್. ಬರಸೂದು, ಮುಗೀತು.”

“ಹುಚ್ಚಪ್ಯಾಲಿ!” ಎಂದರು ಗುರುಪಾದ. “ಮುಕ್ಕಾಲು ಟನ್ ಹೊರಾಕ ಇದೇನ ಮೂರು ಗಾಲಿ ಟಂಟಂ ಏನೋ? ನಾ ನನ್ನ ಕೈಯಾರೆ ಇದರಾಗ ಹತ್ತು ಚೀಲಾ ಹೇರೇನಿ. ಹತ್ತು ಚೀಲಾ ಅಂದ್ರ ಒಂದು ಟನ್.”

“ಯಾವ ಚೀಲಾ ಕಾಕಾ? ಜ್ವಾಳದ್ದೋ, ಉಳ್ಳಾಗಡ್ಡೀದೋ?”

“ಚೀಲಾ ಅಂದ್ರ ಚೀಲಾ!”

ನಮ್ಮ ಕಡೆ ಇದೊಂದು ದೊಡ್ಡ ರೋಗ, ಮಕ್ಕಳೇ. ಹೊಲದ ಬೆಳೆ ಚೀಲದಲ್ಲಿ, ಗಾಡಿಯ ತಾಕತ್ತು ಚೀಲದಲ್ಲಿ, ಹೆಣ್ಣು ನೋಡಲು ಹೋದಾಗ ವರನ ಮನೆತನವೂ ಚೀಲದಲ್ಲಿ. ನನ್ನನ್ನು ಕೊಡುವಾಗ ನಮ್ಮಪ್ಪನಿಗೆ, “ವರ್ಷಕ್ಕ ಅರವತ್ತು ಚೀಲಾ ಬೆಳೀತಾರ” ಎಂದು ಹೇಳಿದ್ದರಂತೆ. ಅಪ್ಪ ಜೋಳ ಎಂದುಕೊಂಡು ಹೂಂ ಅಂದ. ಅದು ಉಳ್ಳಾಗಡ್ಡಿ ಎಂದು ಮದುವೆಯಾದ ಮೇಲೆ ಗೊತ್ತಾಯಿತು. ಜೋಳದ ಚೀಲ ತುಂಬಿದರೆ ಒಂದು ಕ್ವಿಂಟಲ್ ಆಗುತ್ತದೆ, ಉಳ್ಳಾಗಡ್ಡಿ ಅದರ ಅರ್ಧಕ್ಕೆ ನಿಲ್ಲುತ್ತದೆ. ಹತ್ತಿಯ ಚೀಲವನ್ನು ಎರಡು ಮಕ್ಕಳು ಆಡುತ್ತ ಎತ್ತಬಹುದು. ಆದರೂ ಚೀಲ ಅಂದರೆ ಚೀಲ.

ದಸ್ತಗೀರ ಮಿಸ್ತ್ರಿ ಬೀಡಿ ಆರಿಸಿ ಎದ್ದ. “ನೀವು ಸುಮ್ನ ಬಡದಾಡಾಕತ್ತೀರಿ. ಗಾಲಿ ಮ್ಯಾಲಿನ ಪಾಟಾ ಎಣಸಿದ್ರ ಗಾಡಿ ತೂಕ ತಾನ ಹೇಳತೈತಿ” ಎಂದು ಟವೆಲ್ ಹಾಸಿ ಗಾಡಿಯ ಕೆಳಗೆ ತೂರಿದ. ಪಾಟಾ ಎಂದರೆ ಗಾಲಿಯ ಮೇಲೆ ಭಾರ ತಡೆಯಲು ಬಿಲ್ಲಿನ ಹಾಗೆ ಒಂದರ ಮೇಲೊಂದು ಜೋಡಿಸಿದ ಉಕ್ಕಿನ ಪಟ್ಟಿಗಳು. ಕೆಳಗಿನಿಂದ ದನಿ ಬಂತು: “ಒಂಬತ್ತು ಪಾಟಾ! ದೀಡ ಟನ್ ಹೊರತೈತ್ರಿ ಇದು!” ಒಂದೂವರೆ ಟನ್ ಎಂದು ಕೇಳಿ ಗುರುಪಾದ ತೊಡೆ ತಟ್ಟಿದರು. ಸ್ವಲ್ಪ ಹೊತ್ತಿಗೆ ಮತ್ತೆ ದನಿ ಬಂತು, ಈ ಸಲ ಸಣ್ಣಗೆ. “ಎಡಕ್ಕ ಏಳ ಅದಾವ್ರಿ.”

“ಹಂಗಾರ ಬಲಗಡೆ ದೀಡ ಟನ್, ಎಡಗಡೆ ಒಂದು ಟನ್ ಹೇರಬೇಕೇನೋ ದಸ್ತಗೀರ? ಗಾಡಿ ಬಬಲೇಶ್ವರಕ್ಕ ಹೋಗತೈತೋ, ನಿಂತಲ್ಲೇ ಗಿರಿಗಿರಿ ತಿರಗತೈತೋ?” ಎಂದು ಗುರುಪಾದ ನಕ್ಕರು. ಮಿಸ್ತ್ರಿ ಹೊರಗೆ ಬಂದು, ಯಾರೋ ಅಡ್ಡಾದಿಡ್ಡಿ ಕೈಯಾಡಿಸಿದ್ದಾರೆಂದು ಗೊಣಗಿದ. ಕೈಯಾಡಿಸಿದ ಯಾರೋ ಅವನೇ ಎಂದು ಶ್ರೀಶೈಲ ನೆನಪಿಸಿದ ಮೇಲೆ ಅವನು ಮತ್ತೊಂದು ಬೀಡಿ ಹಚ್ಚಿದ.

ಕಡೆಗೆ ಗುರುಪಾದ ತಮ್ಮ ತೀರ್ಪು ಕೊಟ್ಟರು. “ಒಂದೊಂದ ಚೀಲಾ ಹೇರ್ಕೋತ ಹೋಗೂದು. ಎಲ್ಲಿಗೆ ಮುರೀತೈತಿ ನೋಡೂದು. ಮುರಿದ ಮ್ಯಾಲ ಒಂದು ಚೀಲಾ ಇಳಸೂದು. ಅದ ಅದು ಹೊರೂ ತೂಕ!”

ಇಷ್ಟಕ್ಕೂ ಮುಕ್ಕಾಲು ಗಾಡಿ ಎನ್ನುವ ಹೆಸರು ಟನ್ನಿನಿಂದ ಬಂದದ್ದೇ ಅಲ್ಲ. ಮದುವೆಯಾದ ಹೊಸತರಲ್ಲಿ ಜೈನಾಪುರದಿಂದ ನನ್ನನ್ನು ಕರೆತಂದದ್ದು ಇದೇ ಗಾಡಿಯಲ್ಲಿ. ಮುಂದಿನ ಸೀಟಿನಲ್ಲಿ ಗಂಡನ ಪಕ್ಕ ಎಲ್ಲರೆದುರು ಕೂಡುವುದು ನನ್ನಿಂದ ಆಗುವ ಮಾತಾಗಿರಲಿಲ್ಲ. ಹಿಂದೆ ಜೋಳದ ಚೀಲ ಒತ್ತಾಗಿ ಹೇರಿದ್ದರು. ನಾನು ಸೆರಗು ಮುಖದ ಮೇಲೆ ಎಳೆದುಕೊಂಡು ರಸ್ತೆಯಲ್ಲಿ ಗೂಟದ ಹಾಗೆ ನಿಂತುಬಿಟ್ಟೆ. ಮುತ್ಯಾ ಹಿಂದಿನ ಸಾಲಿನ ಚೀಲಗಳನ್ನು ಇಳಿಸಿ ನಮ್ಮ ಅಪ್ಪನ ಪಡಸಾಲೆಯಲ್ಲಿ ಇಟ್ಟು, ಅಷ್ಟು ಜಾಗದಲ್ಲಿ ಕೌದಿ ಹಾಸಿ, “ಇಲ್ಲಿ ಕೂಡು” ಎಂದರು. ಅಂದಿನಿಂದ ಎಷ್ಟೇ ಮಾಲಿರಲಿ, ಹಿಂದಿನ ಕಾಲು ಭಾಗ ಖಾಲಿ ಬಿಟ್ಟೇ ಹೇರುತ್ತಿದ್ದರು. ನಾನು ಇಲ್ಲದ ದಿನವೂ ಬಿಡುತ್ತಿದ್ದರು. “ದಾರ್ಯಾಗ ಯಾರರೆ ಕೈ ಮಾಡ್ತಾರ, ಅವರಿಗೆ ಬೇಕಲ್ಲ” ಎನ್ನುತ್ತಿದ್ದರು. ಸಂತೆಗೆ ಹೋಗುವ ಹೆಂಗಸರು, ಆಸ್ಪತ್ರೆಗೆ ಹೊರಟ ಮುದುಕರು, ಕಾಲು ಕಟ್ಟಿದ ಆಡಿನ ಮರಿ, ಎಲ್ಲ ಆ ಕಾಲು ಭಾಗದಲ್ಲಿ ಹೋಗಿ ಬಂದಿವೆ. ಮುಕ್ಕಾಲೇ ಹೇರುವ ಗಾಡಿ ಮುಕ್ಕಾಲು ಗಾಡಿಯಾಯಿತು. ಇದನ್ನು ಅಂದು ಅಲ್ಲಿ ಹೇಳಿಬಿಡಬೇಕೆಂದು ನಾನು ಬಾಯಿ ತೆರೆದೆ, ಹೇಳಿಯೂ ಹೇಳಿದೆ.

“ವೈನಿ ಏನೋ ಅಂದ್ರಲ್ಲೋ?” ಎಂದರು ಗುರುಪಾದ.

“ಇನ್ನೊಂದೀಟು ಚಹಾ ಬೇಕೇನು ಅಂದ್ಲು” ಎಂದ ನಿಮ್ಮಪ್ಪ.

“ಹಾಕ್ರಿ ವೈನಿ, ಅದನ್ನೇನ್ ಕೇಳ್ತೀರಿ?”

ಹಾಕಿದೆ. ಆದರೆ ಆ ಸಂಜೆ ಶ್ರೀಶೈಲ ಒಬ್ಬನೇ ಇದ್ದಾಗ, ಬಬಲೇಶ್ವರದಲ್ಲಿ ಇಂಥದ್ದೇ ಇನ್ನೊಂದು ಗಾಡಿ ಇದೆ ಎನ್ನುವುದನ್ನು ಮಾತ್ರ ಹೇಳಿದೆ. ನನ್ನ ಜೊತೆ ಜೈನಾಪುರದ ಶಾಲೆಗೆ ಬರುತ್ತಿದ್ದ ಶಿವವ್ವನನ್ನು ಆ ಊರಿಗೆ ಕೊಟ್ಟಿದ್ದಾರೆ. ಅವರ ಮನೆಯಲ್ಲೂ ಅದೇ ಕಂಪನಿಯ ಅದೇ ಗಾಡಿ ಇತ್ತು. ಈಗ ಅದರಲ್ಲಿ ಕೋಳಿ ಸಾಕಿದ್ದೇವೆ ಎಂದು ಒಂದು ಮದುವೆಯಲ್ಲಿ ಸಿಕ್ಕಾಗ ಹೇಳಿದ್ದಳು. ಅದರ ತಗಡಿನ ಮೇಲೆ ತೂಕ ಇರಬೇಕಲ್ಲ? ನಿಮ್ಮಪ್ಪ ನನ್ನನ್ನು ಮೊದಲ ಸಲ ನೋಡುವವನ ಹಾಗೆ ನೋಡಿ, “ಇದನ್ನ ಮೊದಲ ಹೇಳಾಕ ಏನಾಗಿತ್ತು ನಿನಗ?” ಎಂದ. ಚಹಾ ಹಾಕುತ್ತಿದ್ದೆನಪ್ಪಾ ಎನ್ನಬೇಕೆಂದಿದ್ದೆ. ಅದು ಮರುದಿನ ನೆನಪಾಯಿತು.

ಬಬಲೇಶ್ವರಕ್ಕೆ ಗಾಡಿ ತೆಗೆದುಕೊಂಡೇ ಹೊರಟೆವು. ಅಲ್ಲಿಂದ ಹಾಗೇ ವಿಜಯಪುರದಲ್ಲಿ ಗಾಡಿ ತೂಗುವ ಕಾಟಾಕ್ಕೆ ಹೋಗಿ ಖಾಲಿ ತೂಕವನ್ನೂ ಮಾಡಿಸಿ ಬರುವುದು ಎಂದು ಶ್ರೀಶೈಲನ ಯೋಜನೆ. ಇಲ್ಲಿ ಒಂದು ಮಾತು ಹೇಳಿಬಿಡಬೇಕು. ಈ ಗಾಡಿಯಲ್ಲಿ ನಾನು ಕೂಡುವ ಕಡೆಯ ಬಾಗಿಲು ಒಳಗಿನಿಂದ ತೆರೆಯುವುದಿಲ್ಲ, ಗಾಜೂ ಇಳಿಯುವುದಿಲ್ಲ. ಮಧ್ಯಾಹ್ನ ಕೂಡುವಾಗ ನಾನು ಬಾಗಿಲು ಎಳೆದುಕೊಳ್ಳದೆ ಓರೆ ಬಿಟ್ಟಿರುತ್ತೇನೆ. ಮಕ್ಕಳಾದ ಮೇಲೆ ನಾನು ಧೈರ್ಯ ಮಾಡಿ ಮುಂದಿನ ಸೀಟಿಗೆ ಬಂದ ಕಾಲದಿಂದಲೂ, ಎಲ್ಲೇ ಗಾಡಿ ನಿಲ್ಲಲಿ, ಮುತ್ಯಾ ಇಳಿದು ಸುತ್ತು ಬಳಸಿ ಬಂದು ಬಾಗಿಲು ತೆರೆಯಬೇಕಿತ್ತು. ಸಂತೆಯ ಹೆಂಗಸರು ನೋಡಿ, “ಏನವ್ವಾ, ರಾಣಿನ್ನ ಇಳಿಸಿದಂಗ ಇಳಸ್ತಾನ ನಿನ್ನ ಗಂಡ” ಎಂದು ಕಾಡುತ್ತಿದ್ದರು. ಹಿಡಿ ಮುರಿದಿದೆ ಎಂದು ಹೇಳಲು ನನಗೆ ನಾಚಿಕೆ. ಹೇಳದೆ ಇರುವುದೂ ಒಂದು ರೀತಿ ಹಿತವಾಗಿಯೇ ಇತ್ತು, ಅದು ಬೇರೆ ಮಾತು.

ಶಿವವ್ವನ ಹಿತ್ತಲಲ್ಲಿ ನಮ್ಮ ಗಾಡಿಯ ಒಡಹುಟ್ಟಿದ್ದು ಗಾಲಿ ಇಲ್ಲದೆ ಕಲ್ಲಿನ ಮೇಲೆ ಕುಳಿತಿತ್ತು. ಹಿಂದಿನ ಡಬ್ಬಕ್ಕೆ ಬಲೆ ಬಿಗಿದಿದ್ದರು, ಇಂಜಿನ್ ಇದ್ದ ಕಡೆ ಹುಲ್ಲು. ಶ್ರೀಶೈಲ ಮುಚ್ಚಳಕ್ಕೆ ಕೈ ಹಾಕಿದ್ದೇ ಶಿವವ್ವ ಒಳಗಿನಿಂದ ಓಡಿ ಬಂದಳು.

“ಯಪ್ಪಾ, ಮೆಲ್ಲಕ ಎತ್ತು! ಅಲ್ಲಿ ಕೋಳಿ ಕಾವಿಗೆ ಕುಂತೈತಿ!”

“ತಗಡಷ್ಟ ನೋಡ್ತೇನ್ರೀ ದೊಡ್ಡವ್ವಾ.”

“ತಗಡು ನೋಡು, ಕೋಳಿ ಮಾರಿ ನೋಡಬ್ಯಾಡ. ಸಿಟ್ಟಿಗೇಳತೈತಿ ಅದು.”

ಸಿಟ್ಟಿಗೆದ್ದಿತು. ಎರಡು ಕಡೆ ಕೈ ಕುಕ್ಕಿಸಿಕೊಂಡ ಮೇಲೆ ಶ್ರೀಶೈಲ ತಗಡಿನ ತನಕ ತಲುಪಿದ. ಶಿವವ್ವನ ಅತ್ತೆ ನಮ್ಮ ಅತ್ತೆಯಷ್ಟು ಶುದ್ಧ ಇರಲಿಲ್ಲ, ದೇವರು ಅವರಿಗೆ ಒಳ್ಳೆಯದು ಮಾಡಲಿ. ಅಕ್ಷರ ಉಳಿದಿದ್ದವು. ಆದರೆ ತಗಡಿನ ಕೆಳಗಿನ ಅರ್ಧ ಕಿತ್ತು ಹೋಗಿತ್ತು. ಮೇಲಿನ ಅರ್ಧದಲ್ಲಿದ್ದ ಒಂದೇ ಒಂದು ಅಂಕಿ ಎಂದರೆ ಮಾಲು ಸಮೇತ ಗಾಡಿಯ ಒಟ್ಟು ತೂಕ: ಎರಡು ಸಾವಿರದ ಮುನ್ನೂರಾ ಐವತ್ತು ಕಿಲೋ. ಶ್ರೀಶೈಲ ಹಿಗ್ಗಿದ. “ಸಾಕವ್ವಾ! ಕಾಟಾದಾಗ ಖಾಲಿ ತೂಕ ಸಿಗತೈತಿ. ಒಟ್ಟಿನಾಗ ಅದನ್ನ ಕಳದ್ರ ಹೊರೂ ತೂಕ ಬಂತು.” ಕಳೆಯುವ ಲೆಕ್ಕ! ಎಮ್ಮೆಗಳ ಕಾಲದಿಂದ ನನ್ನ ಕೈಯಲ್ಲಿರುವ ಲೆಕ್ಕ ಅದು. ಹೊರಡುವಾಗ ಶಿವವ್ವ, “ಖಾಲಿ ಉಡ್ಯಾಗ ಕಳಸ್ತಾರೇನ ಯಾರರೆ?” ಎಂದು ಒಂದು ಕುಂಬಳಕಾಯಿ ತಂದು ನನ್ನ ತೊಡೆಯ ಮೇಲೆ ಕೂರಿಸಿದಳು. ಒಂಬತ್ತು ತಿಂಗಳ ಕೂಸಿನಷ್ಟು ಇತ್ತು ಅದು.

ವಿಜಯಪುರದ ಹೊರಗಿನ ಆ ಕಾಟಾದಲ್ಲಿ ಕಬ್ಬಿನ ಟ್ರ್ಯಾಕ್ಟರುಗಳ ಸಾಲು. ಒಂದೊಂದೂ ತನ್ನದೇ ಹಾಡು ಹಚ್ಚಿಕೊಂಡು ನಿಂತಿತ್ತು. ನಮ್ಮ ಸರದಿ ಬಂದಾಗ ಶ್ರೀಶೈಲ ಗಾಡಿಯನ್ನು ಕಬ್ಬಿಣದ ಹಲಗೆಯ ಮೇಲೆ ನಿಲ್ಲಿಸಿ, ತಾನಿಳಿದು, ತನ್ನ ಕಡೆಯ ಬಾಗಿಲು ಧಡಾರನೆ ಹಾಕಿ ಹೋದ. ನಾನು ಕಾದೆ. ಸುತ್ತು ಬಳಸಿ ಬಂದು ಬಾಗಿಲು ತೆರೆಯುತ್ತಾನೆ ಎಂದುಕೊಂಡೆ. ಅಷ್ಟು ವರ್ಷಗಳ ರೂಢಿ. ಅವನು ನೇರ ಗಾಜಿನ ಕೋಣೆಯ ಕಡೆ ನಡೆದ. ಕೋಣೆಯೊಳಗಿನ ಮನುಷ್ಯ ಮೈಕಿನಲ್ಲಿ ಕೇಳಿದ:

“ಗಾಡಿ ಖಾಲಿ ಐತೇನ್ರಿ?”

“ಪೂರಾ ಖಾಲಿ ಐತ್ರಿ!” ಎಂದು ನಿಮ್ಮಪ್ಪ ಕೂಗಿದ.

“ಒಳಗ ಯಾರೂ ಇಲ್ಲಲ್ಲ?”

“ಯಾರೂ ಇಲ್ಲ್ರೀ!”

ನಾನಿದ್ದೆ. ಕುಂಬಳಕಾಯಿ ಇತ್ತು. ಇಬ್ಬರೂ ಗಾಜಿನಿಂದ ಹೊರಗೆ ನೋಡುತ್ತಿದ್ದೆವು. “ಶ್ರೀಶೈಲಾ” ಎಂದು ಕರೆದೆ. ನನ್ನ ದನಿ ನನ್ನ ಕಿವಿಗೇ ಸರಿಯಾಗಿ ಬರಲಿಲ್ಲ. ಬೆರಳ ಗೆಣ್ಣಿನಿಂದ ಗಾಜು ಬಡಿದೆ. ಹಿಂದಿನ ಟ್ರ್ಯಾಕ್ಟರಿನವನು ನೋಡಿದ. ದೇವರು ದೊಡ್ಡವನು ಎಂದುಕೊಂಡು ಕೈ ಆಡಿಸಿದೆ. ಅವನು ಯಾರೋ ಪರಿಚಯದ ಮುದುಕಿ ಎಂದು ತಿಳಿದು ಎರಡೂ ಕೈ ಜೋಡಿಸಿ ನಮಸ್ಕಾರ ಮಾಡಿದ. ನಾನೂ ಮಾಡಬೇಕಾಯಿತು. ಶ್ರೀಶೈಲ ಕುಳಿತಿದ್ದ ಕಡೆಗೆ ಸರಿಯೋಣವೆಂದರೆ ನಡುವೆ ಗೇರಿನ ಕೋಲು, ಸೀರೆಯ ನಿರಿಗೆ, ತೊಡೆಯ ಮೇಲೆ ಕೂಸಿನಂಥ ಕುಂಬಳಕಾಯಿ. ಅಷ್ಟರಲ್ಲಿ ಒಳಗಿನವನು ಗುಂಡಿ ಒತ್ತಿಬಿಟ್ಟ.

ನಿಮ್ಮಪ್ಪ ತಿರುಗಿ ಬಂದದ್ದು ಒಂದು ಕೈಯಲ್ಲಿ ಚೀಟಿ, ಇನ್ನೊಂದು ಕೈಯಲ್ಲಿ ನನಗೆಂದು ಕಬ್ಬಿನ ಹಾಲು ಹಿಡಿದು. “ಬಿಸಲಾಗ ಕುಂತಿದ್ದಿ ಅವ್ವಾ, ಮೊದಲ ಇದನ್ನ ಕುಡಿ” ಎಂದ. ಹಾಗಾಗಿ ನೀವು ಅವನ ಮೇಲೆ ತಪ್ಪು ತಿಳಿಯಬೇಡಿ. ಅವನು ನನ್ನನ್ನು ಮರೆತಿರಲಿಲ್ಲ. ನನಗೆ ತೂಕವಿದೆ ಎನ್ನುವುದನ್ನಷ್ಟೇ ಮರೆತಿದ್ದ. ಚೀಟಿಯಲ್ಲಿ ಖಾಲಿ ಗಾಡಿಯ ತೂಕ ಸಾವಿರದ ನಾನೂರಾ ಇಪ್ಪತ್ತು ಎಂದಿತ್ತು. “ಒಟ್ಟಿನಾಗ ಕಳದ್ರ ಒಂಬೈನೂರಾ ಮೂವತ್ತು! ಮುಗೀತು ನೋಡವ್ವಾ, ಗಾಡಿ ಉಳೀತು!” ಎಂದ. ಅವನ ಮುಖದಲ್ಲಿ ಅಷ್ಟು ಸಂತೋಷವಿತ್ತು. ಹಿಂದೆ ಟ್ರ್ಯಾಕ್ಟರುಗಳು ಹಾರ್ನ್ ಹಾಕುತ್ತಿದ್ದವು. ಮತ್ತೆ ಸಾಲಿನಲ್ಲಿ ನಿಂತು, ಆ ಮೈಕಿನವನ ಎದುರು, ಆ ನಮಸ್ಕಾರದವನ ಎದುರು, “ಇಲ್ಲಪ್ಪಾ, ಒಳಗೆ ಒಬ್ಬಳಿದ್ದಳು” ಎಂದು ನಾನು ಹೇಳುವುದೇ? ಕಬ್ಬಿನ ಹಾಲು ಕುಡಿದೆ. ತಣ್ಣಗಿತ್ತು.

ದಾರಿಯಲ್ಲಿ ಲೆಕ್ಕ ಮಾಡಿದೆ. ಸಾವಿರಕ್ಕೆ ಎಪ್ಪತ್ತು ಕಡಿಮೆ. ಹಿಂದೊಮ್ಮೆ ಆಸ್ಪತ್ರೆಯಲ್ಲಿ ನರ್ಸಮ್ಮ ನನ್ನನ್ನು ಯಂತ್ರದ ಮೇಲೆ ನಿಲ್ಲಿಸಿ, ಬಂದವರಿಗೆಲ್ಲ ಕೇಳುವ ಹಾಗೆ ಒಂದು ಅಂಕಿ ಕೂಗಿದ್ದಳು. ಅದು ಇನ್ನೂ ಕಿವಿಯಲ್ಲಿದೆ, ಇಲ್ಲಿ ಬರೆಯುವುದಿಲ್ಲ. ಅದಕ್ಕೆ ತೊಡೆಯ ಮೇಲಿನ ಭಾರವನ್ನು ಕೂಡಿಸಿದೆ. ಎಪ್ಪತ್ತಕ್ಕೆ ಸರಿಯಾಗಿ ಕೂತಿತು. ಅಂದರೆ ಗಾಡಿ ಹೊರುವುದು ಪೂರಾ ಒಂದು ಟನ್. ಗುರುಪಾದ ಹೇಳಿದ್ದೇ ನಿಜ, ಚೀಲ ಅಂದರೆ ಜೋಳದ ಚೀಲವೇ. ಪಾಪ, ಅವರು ಈ ಒಂಬೈನೂರಾ ಮೂವತ್ತನ್ನು ಕೇಳಿದ ದಿನದಿಂದ ಊಟ ಸೇರದವರ ಹಾಗೆ ಓಡಾಡುತ್ತಿದ್ದಾರೆ. “ಇದೇನೋ ಮುರುಕಾ ಲೆಕ್ಕ? ಕಂಪನಿಯವರು ಗಾಡಿ ಮಾಡಿದ್ರೋ, ಚೌಕಾಶಿ ಮಾಡಿದ್ರೋ?” ಎಂದು ಫೋನಿನಲ್ಲಿ ಕೂಗಾಡಿದರು. “ಟನ್ ಅಲ್ಲಂತ ನಾ ಹೇಳಿದ್ದಿಲ್ಲೇನ ಕಾಕಾ?” ಎಂದು ಶ್ರೀಶೈಲ ಬೀಗಿದ. ದಸ್ತಗೀರ ಮಿಸ್ತ್ರಿ ಎಡಗಡೆಯ ಪಾಟಾಗಳ ಲೆಕ್ಕಕ್ಕೆ ಇದು ತಾಳೆಯಾಗುತ್ತದೆ ಎಂದ. ನಾನು ಮೂವರಿಗೂ ಒಂದೊಂದು ಮಾತು ಹೇಳಬಹುದಿತ್ತು. ಚಹಾ ಹಾಕಿದೆ.

ಗಾಡಿ ಪಾಸಾಯಿತು. ಗುಜರಿಯವನು ಇನ್ನೊಮ್ಮೆ ಬಂದು ಹಾಗೇ ಹೋದ. ನನ್ನ ಕೋಣೆ ಬೇವಿನ ನೆರಳಿನಲ್ಲಿ ಉಳಿದಿದೆ. ಆದರೆ ಯಾವ ಅಂಕಿಯನ್ನು ಆಸ್ಪತ್ರೆಯ ಹೊರಗೆ ಬಾರದ ಹಾಗೆ ಇಷ್ಟು ವರ್ಷ ಕಾಪಾಡಿಕೊಂಡು ಬಂದೆನೋ, ಅದು ಈಗ ಬಿಳಿ ಬಣ್ಣದಲ್ಲಿ ಬಾಗಿಲ ಮೇಲಿದೆ. ಕಳೆಯಲು ಬರುವ ಯಾರು ಬೇಕಾದರೂ ಓದಿಕೊಳ್ಳಬಹುದು. ಒಂದೇ ಸಮಾಧಾನ, ಆ ಎಪ್ಪತ್ತರಲ್ಲಿ ನಾನೆಷ್ಟು, ಕುಂಬಳಕಾಯಿ ಎಷ್ಟು ಎನ್ನುವುದನ್ನು ಇನ್ನು ಯಾರೂ ಬಿಡಿಸಲಾರರು. ಕಾಟಾದಿಂದ ಬಂದ ಸಂಜೆಯೇ ಕುಂಬಳಕಾಯಿ ತುರಿದು ಸಿಹಿ ಗಾರಿಗೆ ಮಾಡಿದೆ. ಸಂಗಮೇಶ, ನೀನು ತಟ್ಟೆ ನೆಕ್ಕಿದೆ. ಸಾಕ್ಷಿ ನಿನ್ನ ಹೊಟ್ಟೆ ಸೇರಿ ಎಷ್ಟೋ ದಿನವಾಯಿತು.

ಕೆಲವೊಮ್ಮೆ ಇಲ್ಲಿ ಕುಳಿತು ನಗು ಬರುತ್ತದೆ. ನಿಮ್ಮ ಮುತ್ಯಾ ಇದ್ದಷ್ಟು ದಿನ ನನಗೆಂದು ಹಿಂದೆ ಜಾಗ ಬಿಟ್ಟೇ ಗಾಡಿ ಹೇರಿದರು. ಈಗ ಪಾಸಿಂಗ್ ಮಾಡಿದವರೇ ಸಹಿ ಹಾಕಿ ನನ್ನ ತೂಕದಷ್ಟು ಜಾಗ ಬಿಡಿಸಿದ್ದಾರೆ. ಯಾರೂ ಇಲ್ಲ ಎಂದು ಮಗ ಕೂಗಿ ಹೇಳಿದ ಮೇಲೂ ಗಾಡಿ ಮಾತ್ರ ನನ್ನನ್ನು ಲೆಕ್ಕಕ್ಕೆ ಹಿಡಿದುಕೊಂಡಿತು.

ಅದಕ್ಕೇ ಮಕ್ಕಳೇ, ಈ ಹಾಳೆಗಳನ್ನು ಜೋಪಾನವಾಗಿಡಿ. ಟ್ರಂಕಿನಲ್ಲಿ ಬೇಡ, ಗೆದ್ದಲು ನಮ್ಮ ಮನೆಯ ಎಲ್ಲವನ್ನೂ ನಿಮಗಿಂತ ಮೊದಲು ಓದುತ್ತದೆ. ಅಪ್ಪನ ಕೈಗೂ ಬೇಡ, ನೊಂದುಕೊಳ್ಳುತ್ತಾನೆ. ಮುಂದೆ ಯಾವಾಗಲಾದರೂ ಈ ಗಾಡಿ ನಿಜವಾಗಿ ಎಷ್ಟು ಹೊರುತ್ತದೆ ಎಂದು ಯಾರಾದರೂ ಕೇಳಿದರೆ, ಬಾಗಿಲು ನೋಡಬೇಡಿ, ಇದನ್ನು ತೆಗೆದು ನೋಡಿ. ಒಂದು ಟನ್ ಹೊರುತ್ತದೆ. ಆದರೆ ನಾನು ಇಳಿದ ಮೇಲೆ.